ಉಡದಾರದ ಗಂಟು

ಪಲ್ಟನ್ ಭರ್ತಿಗೆ ಬಂದ ಡಾಕ್ಟರರು ಮುರುಗೆಪ್ಪನ ಹೊಟ್ಟೆಯ ಮಾಂಸವನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿ ನೋಡಿದರು, ಸಂತೆಯಲ್ಲಿ ಎಮ್ಮೆಯ ಕೆಚ್ಚಲು ನೋಡುವವರ ಹಾಗೆ. ಆಮೇಲೆ ಟೇಪನ್ನು ಎದೆಗೊಮ್ಮೆ, ಸೊಂಟಕ್ಕೊಮ್ಮೆ ಸುತ್ತಿ ಹವಾಲ್ದಾರನಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು.

"ಪೈಲವಾನ, ಎದಿ ಛಲೋ ಐತಿ," ಎಂದ ಹವಾಲ್ದಾರ. "ಆದ್ರ ಹೊಟ್ಟಿ ಅದರ ಸರೀಕ ಬಂದು ನಿಂತೈತಿ. ಇಷ್ಟು ಕೊಬ್ಬು ಹೊತ್ಕೊಂಡು ಎಲ್ಲಿ ಓಡ್ತಿ? ಕರಗಿಸ್ಕೊಂಡು ಬಾ. ಯುಗಾದಿ ಮುಂದ ಮತ್ತ ಬರ್ತೇವಿ."

ಸಾಲಿನಲ್ಲಿ ಲಂಗೋಟಿ ಮೇಲೆ ನಿಂತಿದ್ದವನೊಬ್ಬ, "ಇವನ್ನ ತೋಪಿನ ಮುಂದ ನಿಲ್ಲಸ್ರಿ. ಗುಂಡು ಒಳಗ ಸಿಕ್ಕೊಂಡು ಉಳಿತಾವು," ಎಂದ. ಎಲ್ಲರೂ ನಕ್ಕರು. ಮುರುಗೆಪ್ಪನೂ ನಕ್ಕ.

ನಗುವ ಕಾಲವಾಗಿರಲಿಲ್ಲ. ಜಪಾನ ಲಡಾಯಿಗೆ ಇಳಿದ ಮೇಲೆ ಅತ್ತ ಹೋಗುವ ಹತ್ತಿ ನಿಂತು, ಹತ್ತಿಯ ಬೀಜ ಬಿಡಿಸುವ ಹುಬ್ಬಳ್ಳಿಯ ಜಿನ್ನುಗಳು ಒಂದೊಂದಾಗಿ ಬೀಗ ಹಾಕುತ್ತಿದ್ದವು. ಅವನು ಹಮಾಲಿ ಮಾಡುವ ಜಿನ್ನು ಯುಗಾದಿಗೆ ಬರುವ ಹಂಗಾಮೊಂದನ್ನು ಮುಗಿಸಿದರೆ ಮತ್ತೆ ತೆರೆಯುವುದಿಲ್ಲವೆಂದು ಹಮಾಲರ ಮೇಲಿನ ಮುಕಾದಮನೇ ಹೇಳಿದ್ದ. ಪಲ್ಟನ್ ಸೇರಿದರೆ ಮಾತ್ರ ಮನೆಯ ಮೂವರಿಗೆ ಕೂಳು.

ಕಮರಿಪೇಟೆಯ ಗರಡಿಯಲ್ಲಿ ಮೈ ಬೆಳೆಸುವ ವಿದ್ಯೆ ಎಲ್ಲರಿಗೂ ಗೊತ್ತಿತ್ತು, ಇಳಿಸುವುದು ಯಾರಿಗೂ ಗೊತ್ತಿರಲಿಲ್ಲ. ಹಾದಿ ತೋರಿಸಿದವಳು ಹೆಂಡತಿ ಗೌರಕ್ಕ. ಅವನ ಉಡದಾರವನ್ನು ಬಿಗಿಯಾಗಿ ಕಟ್ಟಿ, "ಇದು ಸಡ್ಲ ಆದಾಗೆಲ್ಲಾ ಒಂದು ಗಂಟು ಹಾಕ್ತೇನಿ. ಹೊಟ್ಟಿ ಎಷ್ಟು ಇಳೀತು ಅಂತ ಅದ ಹೇಳತೈತಿ," ಎಂದಳು.

ಒಲೆಯ ಮುಂದಿದ್ದ ಅತ್ತೆ ದಾನವ್ವ ಮುಖ ತಿರುವಿದಳು. "ಜೀವಂತ ಇದ್ದಾವ್ರನ್ನ ಅಳೀಬಾರದವಾ. ನಮ್ಮೊಳಗ ಮನಷ್ಯಾನ ಅಳಿಯೂದು ಒಂದ ಸಲ, ಕುಣಿ ತೋಡೂ ಮುಂದ, ಅವನ ಪಾದದಲೆ."

"ನಾ ಎಲ್ಲಿ ಅಳ್ಯಾಕತ್ತೇನ್ರಿ ಅತ್ತಿ? ಗಂಟ ಹಾಕಾಕತ್ತೇನಿ."

ಒಪ್ಪತ್ತಿಗೆ ಒಂದು ಬಟ್ಟಲು ಅಂಬಲಿ. ಮುರುಗೆಪ್ಪ ಕಂಬಳಿ ಹೊದ್ದು ಸುಡುಬಿಸಿಲಿನಲ್ಲಿ ಗಬ್ಬೂರಿನವರೆಗೆ ಓಡಿ ತಿರುಗಿ ಬರುತ್ತಿದ್ದ. ಮೊದಲ ಗಂಟು ಬಿದ್ದ ದಿನ ಗಂಡಹೆಂಡತಿ ಮಕ್ಕಳಂತೆ ಹಿಗ್ಗಿದರು. ಗೌರಕ್ಕನಿಗೆ ಕಣ್ಣು ಮುಚ್ಚಿದರೆ ಪಲ್ಟನ್ನಿನ ಬೂಟು ಹಾಕಿಕೊಂಡ ಗಂಡ ಓಣಿಯ ತುದಿಯಲ್ಲಿ ಕಾಣುತ್ತಿದ್ದ. ಅವನ ತಲೆ ಮಾಳಿಗೆಗೆ ತಾಗುವಷ್ಟು ಎತ್ತರ, ಅಜ್ಜಿಯರ ಕಥೆಯಲ್ಲಿ ಏಳು ಸಮುದ್ರ ದಾಟಿ ಬಂದವನ ಹಾಗೆ.

ಪಕ್ಕದ ಮನೆಯ ತಾಜಬಿ ನೀರಿಗೆ ಬಂದಾಗ ಕೇಳಿದಳು: "ಏನ್ ಗೌರಕ್ಕಾ, ಗಂಡಗ ಕೂಳ ಹಾಕೂದು ಬಿಟ್ಟಿ ಏನ? ಕಣ್ಣು ಒಳಗ ಹ್ವಾದ್ವು."

"ಕಣ್ಣಿಗೇನ ಟೇಪ ಹಿಡಿಯೂದಿಲ್ಲ ತಗೊರಿ."

ಇನ್ನೊಂದು ಗಂಟು. ಮತ್ತೊಂದು. ದಾನವ್ವ ಮಗ ಉಣ್ಣುವಾಗ ಎದ್ದು ಹಿತ್ತಲಿಗೆ ಹೋಗತೊಡಗಿದಳು. ಅವನ ಹೆಗಲ ಮೂಳೆ ಅಂಗಿಯೊಳಗಿಂದ ಎದ್ದು ಕಾಣುತ್ತಿತ್ತು. ಗೌರಕ್ಕ ನೋಡಿದ್ದು ಸೊಂಟವನ್ನು.

ಯುಗಾದಿಯ ಮುಂದೆ ಅದೇ ಡಾಕ್ಟರರು ಅದೇ ಜಾಗ ಹಿಡಿದು ಜಗ್ಗಿದರು. ಬೆರಳಿಗೆ ಬರೀ ತೊಗಲು ಬಂತು.

"ಶಾಬಾಸ," ಎಂದ ಹವಾಲ್ದಾರ.

ಟೇಪು ಸೊಂಟ ಬಿಟ್ಟು ಎದೆಗೆ ಏರಿತು. "ಉಸಿರು ತಗೋ," ಎಂದರು ಡಾಕ್ಟರರು. ಮುರುಗೆಪ್ಪ ತೆಗೆದುಕೊಂಡ. "ಪೂರ್ತಿ ತಗೋ."

"ಪೂರ್ತೀನ ತಗೊಂಡೇನ್ರಿ."

ಡಾಕ್ಟರರು ಟೇಪು ಸಡಿಲಿಸಿ ಇನ್ನೊಮ್ಮೆ ಸುತ್ತಿದರು. ಹವಾಲ್ದಾರ ಬಗ್ಗಿ ನೋಡಿದ. "ಎದಿ ಎಲ್ಲಿ ಇಟ್ಟು ಬಂದಿಪಾ?"

ಈ ಸಲ ಸಾಲಿನಲ್ಲಿ ಯಾರೂ ನಗಲಿಲ್ಲ.

"ನೀವು ಹೊಟ್ಟಿ ಅಂದಿದ್ರಿ, ಸಾಹೇಬ್ರ."

"ಹೊಟ್ಟಿ ಅಂದಿದ್ದೆ. ಎದಿ ಕರಗಸು ಅಂದಿದ್ನೇನು? ಬಂದೂಕ ಎತ್ತಾಕ ಎದಿ ಬೇಕು."

"ಮತ್ತ ಬೆಳಸ್ಕೊಂಡು ಬರ್ತೇನ್ರಿ. ಅದು ನನಗ ಬರತೈತಿ."

"ಈ ಊರಿನ ಭರ್ತಿ ಇವತ್ತಿಗೆ ಮುಗೀತು," ಎಂದು ಹವಾಲ್ದಾರ ಹಿಂದಿನವನನ್ನು ಕೈ ಮಾಡಿ ಕರೆದ. ಮುರುಗೆಪ್ಪ ತೆಗೆದುಕೊಂಡ ಉಸಿರನ್ನು ಆಗ ಬಿಟ್ಟ.

ಮನೆಗೆ ಬಂದಾಗ ದಾನವ್ವ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟುಕೊಟ್ಟಳು. ಅರ್ಧ ರೊಟ್ಟಿಗೇ ಅವನ ಹೊಟ್ಟೆ ಸಾಕೆಂದಿತು.

ಕೊನೆಯ ಹಂಗಾಮಿನ ಹೊಸ ಹತ್ತಿ ಬಂದು ಜಿನ್ನು ಶುರುವಾಗಿತ್ತು. ಮರುದಿನ ಮುಂಜಾನೆ ಅವನು ಹೋಗಿ ಸಾಲಿನಲ್ಲಿ ನಿಂತ. ಮುಕಾದಮ ಗುರುಶಿದ್ದಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಮುರಗ್ಯಾ, ಜಡ್ಡಾಗಿ ಬಿದ್ದಿದ್ದೇನೋ?"

"ಇಲ್ರಿ. ಆರಾಮದೇನಿ."

"ಹಂಗಾದ್ರ ಹೊರು ನೋಡೂಣು."

ಅವನು ಚಕ್ಕಡಿಗೆ ಬೆನ್ನು ಕೊಟ್ಟು ಬಗ್ಗಿದ. ಮೇಲಿನಿಂದ ಇಬ್ಬರು ಹತ್ತಿ ತುಂಬಿದ ಆಳೆತ್ತರದ ಅಂಡಿಗೆ ಚೀಲವನ್ನು ಉರುಳಿಸಿ ಬೆನ್ನ ಮೇಲೆ ಕೂಡಿಸಿ ಕೈಬಿಟ್ಟರು. ಮುರುಗೆಪ್ಪ ಮೊಣಕಾಲ ಮೇಲೆ ಅಂಗೈ ಊರಿದ. ಅಂಡಿಗೆ ಏಳಲಿಲ್ಲ.

"ಏಳ್ತಿಯೊ, ಇಳಸಬೇಕೊ?" ಎಂದ ಗುರುಶಿದ್ದಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಒಂದೀಟ ನಿಂದರ್ರಿ."

ಚೀಲದ ಹೊಲಿಗೆಯಿಂದ ಹತ್ತಿಯ ಎಳೆಗಳು ಜಾರಿ ಅವನ ಬೆವೆತ ಕುತ್ತಿಗೆಗೆ ಅಂಟಿಕೊಂಡವು. ಸಾಲಿನಲ್ಲಿ ಹಿಂದಿದ್ದ ಹಮಾಲ ತಲೆಯ ಅರಿವೆ ಬಿಚ್ಚಿ, ಝಾಡಿಸಿ, ಮತ್ತೆ ಸುತ್ತಿಕೊಳ್ಳುತ್ತ ಆ ಅಂಡಿಗೆಗೆ ತನ್ನ ಬೆನ್ನು ಕೊಡಲು ಮುರುಗೆಪ್ಪನ ಪಕ್ಕಕ್ಕೆ ಬಂದು ನಿಂತ.