ಪರದೆಯಾಚೆಯ ಮೊಮ್ಮಗಳು

ಒದ್ದೆ ಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಹರಿದಾಡಿದಾಗ ಏಳುವ ವಾಸನೆ. ಅಪ್ಪನ ದರ್ಜಿ ಅಂಗಡಿಯ ಮೇಜಿನ ಕೆಳಗೆ ಕುಳಿತು ಬಾಲ್ಯವೆಲ್ಲ ಅವಳು ಉಸಿರಾಡಿದ್ದು ಅದನ್ನೇ. ಅಪ್ಪನ ನಂತರ ತಾನೇ ಕತ್ತರಿ ಹಿಡಿದು ಬೀದಿಗೆಲ್ಲ ‘ಟೈಲರಮ್ಮ’ ಆದವಳು, ಮೂರು ತಿಂಗಳಿನಿಂದ ಹೊಲಿಗೆ ಯಂತ್ರದ ಮುಂದೆ ಕೂರಲಾರಳು. ಎದೆಯ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು.

“ಆಪರೇಷನ್ ಮಾಡಿ ಕಂಬಿ ಹಾಕ್ತೀರಾ ಡಾಕ್ಟ್ರೇ?” ಎಂದು ಕೇಳಿದ್ದಳು.

“ನಿಮ್ಮ ಮೂಳೆ ಕುಸಿದಿಲ್ಲ, ನರಕ್ಕೂ ಒತ್ತಿಲ್ಲ. ಅದಕ್ಕೇ ಕೊಯ್ಯೋದು ಬೇಡ, ರೇಡಿಯೇಷನ್ ಕೊಡೋಣ. ಹತ್ತು ದಿನ. ಕಾಯಿಲೆ ಪೂರ್ತಿ ಹೋಗುತ್ತೆ ಅನ್ನಲ್ಲ, ನೋವು ತಗ್ಗಬಹುದು.”

“ನೋವು ತಗ್ಗಿ ಮೊಮ್ಮಗಳನ್ನ ಮಡಿಲಲ್ಲಿ ಕೂರಿಸ್ಕೊಂಡ್ರೆ ಸಾಕು ನಂಗೆ.”

ರೇಡಿಯೇಷನ್ ಶುರುವಾಯಿತು, ಆದರೆ ಅದೇ ಆಗಲಿಲ್ಲ. “ಮೈಯಲ್ಲಿ ಕರೆಂಟ್ ಉಳಿಯುತ್ತಂತೆ, ಮಗೂನ ಹತ್ತಿರ ಬಿಡಬೇಡಮ್ಮ” ಎಂದು ಪಕ್ಕದ ಮನೆಯಾಕೆ ಸೊಸೆಯ ಕಿವಿಯೂದಿದ್ದಳು. ಅಂದಿನಿಂದ ಟೈಲರಮ್ಮನ ಕೋಣೆ ಬೇರೆ, ಟವೆಲ್ಲು ಬೇರೆ. ನಾಲ್ಕು ವರ್ಷದ ಮೊಮ್ಮಗಳು ಪರದೆಯಾಚೆ ನಿಂತು ಕೇಳಿದಳು:

“ಅಜ್ಜೀ, ನಿನ್ನ ಮುಟ್ಟಿದ್ರೆ ಶಾಕ್ ಹೊಡೆಯುತ್ತಾ?”

“ಹೊಡೆಯಲ್ಲ ಚಿನ್ನಾ.”

“ಅಮ್ಮ ಹೊಡೀತಾಳೆ.”

ಅಜ್ಜಿಗೆ ನಗು ಬಂತು. ಆಮೇಲೆ ಬರಿದಾದ ಮಡಿಲನ್ನು ಸುಮ್ಮನೆ ಸವರಿಕೊಂಡಳು. ಮಗುವಿನ ಎಣ್ಣೆ ಹಚ್ಚಿದ ನೆತ್ತಿ ತನ್ನ ಗದ್ದಕ್ಕೆ ತಾಗಿ ಎಂಟು ದಿನವಾಗಿತ್ತು.

ಮರುದಿನ, ದಿನವೂ ಕರೆದೊಯ್ಯುತ್ತಿದ್ದ ಮಗನ ಕೆಲಸದ ಪಾಳಿ ಬದಲಾಗಿ, ಸೊಸೆಯೇ ಆಸ್ಪತ್ರೆಗೆ ಬರಬೇಕಾಯಿತು. ಅತ್ತೆಯಿಂದ ದೂರ, ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಳು. ಚಿಕಿತ್ಸೆ ಮುಗಿದ ಮೇಲೆ ಟೆಕ್ನಿಷಿಯನ್ ಹುಡುಗಿ ಅತ್ತೆಯನ್ನು ತಬ್ಬಿ ಹಿಡಿದು ಹೊರಗೆ ಕರೆತಂದಳು. ಬೆವರಿದ ಹಣೆಯನ್ನು ತನ್ನ ಕರವಸ್ತ್ರದಿಂದಲೇ ಒರೆಸಿದಳು.

ಸೊಸೆ ತಡವರಿಸಿದಳು. “ಹೀಗೆ ಮುಟ್ಟೋಕೆ ನಿಮಗೆ ಭಯ ಆಗಲ್ವಾ?”

“ಇವರಿಗೆ ಹೊರಗಿಂದ ಕಿರಣ ಬಿಡೋದು ಅಕ್ಕಾ. ಯಂತ್ರ ನಿಂತ ಮೇಲೆ ಮೈಯಲ್ಲಿ ಏನೂ ಉಳಿಯಲ್ಲ. ಟಾರ್ಚ್ ಆರಿಸಿದ್ರೆ ಗೋಡೇಲಿ ಬೆಳಕಿರುತ್ತಾ? ನನ್ನ ಮಗೂಗೆ ಒಂದು ವರ್ಷ. ಮನೆಗೆ ಹೋದ ತಕ್ಷಣ ಎತ್ಕೋತೀನಿ.”

ಆಟೋದಲ್ಲಿ ಸೊಸೆ ಅತ್ತೆಯ ಪಕ್ಕಕ್ಕೆ ಸರಿದು ಕುಳಿತಳು. “ಮೊದಲೇ ಡಾಕ್ಟ್ರನ್ನ ಒಂದು ಮಾತು ಕೇಳ್ಬೇಕಿತ್ತು ಅತ್ತೆ” ಎಂದಳು.

“ಹೆತ್ತೋಳು ನೀನು. ಹೆದರದೆ ಇರ್ತೀಯಾ? ಆದ್ರೆ ನಂಗೂ ಮಗು ಕಡೆ ಜೀವ ಎಳೀತಿತ್ತು ಕಣಮ್ಮ.”

ಅಂದು ಸಂಜೆ ಸೊಸೆ ಪರದೆಯನ್ನು ಸರಿಸಿ ಒಳಗೆ ಬಂದಳು. ಮಗುವನ್ನು ಹಾಸಿಗೆಯ ಮೇಲೆ ಅಜ್ಜಿಯ ತೋಳಿಗೆ ಒರಗಿಸಿ ಕೂರಿಸಿದಳು. ಮಗುವಿಗೆಂದು ಕಲಸಿದ ಅನ್ನದ ಬಟ್ಟಲನ್ನು ಅತ್ತೆಯ ಕೈಗೆ ಕೊಟ್ಟಳು.