ಉಮಾಶಂಕರರ ಕೊನೆಯ ಸ್ಕೋನ್‌ಗಳು

"ದ್ವಾರಕಾನಾಥ್, ಅದನ್ನ ಎಸೀಬೇಡಿ!"

ಶಾಂತಾ ಹಜಾರದಿಂದ ಓಡಿಬಂದು ಟ್ರೇಯ ಇನ್ನೊಂದು ತುದಿ ಹಿಡಿದುಕೊಂಡರು. ಹಜಾರದಲ್ಲಿ ಗಂಡ ಉಮಾಶಂಕರರ ದೇಹವಿತ್ತು. ರಾತ್ರಿ ಮಲಗಿದವರು ಬೆಳಗ್ಗೆ ಏಳಲಿಲ್ಲ. ಪರದೇಶದ ಈ ಕಿಲೆಲೆಶ್ವಾ ಬಡಾವಣೆಯ ಕನ್ನಡದವರ ಮನೆಗಳಲ್ಲಿ ಶಾಸ್ತ್ರ ಸಂಪ್ರದಾಯಕ್ಕೆಲ್ಲ ದ್ವಾರಕಾನಾಥರೇ ಮುಂದಾಳು. ಸಾವಿನ ಮನೆಯ ಅಡುಗೆ ಹೊರಗೆ ಹೋಗಬೇಕೆಂದು ಅನ್ನ, ಸಾರು ಚೆಲ್ಲಿ, ಈಗ ಫ್ರೀಜರಿಗೆ ಕೈ ಹಾಕಿದ್ದರು. ಟ್ರೇಯಲ್ಲಿ ಸ್ಕೋನ್ ಎಂಬ ಪುಟ್ಟ ಬನ್ನಿಗೆಂದು ದುಂಡಗೆ ಕತ್ತರಿಸಿಟ್ಟ ಹಿಟ್ಟು ಗಟ್ಟಿಯಾಗಿ ಕೂತಿತ್ತು.

"ರೂಲ್ ಅಂದ್ರೆ ರೂಲ್, ಶಾಂತಾ ಅವರೇ."

"ಬೇಯಿಸದೇ ಇರೋದು ಅಡುಗೆ ಹೇಗಾಗುತ್ತೆ? ನಿನ್ನೆ ಸಂಜೆ ಅವರೇ ಮಾಡಿಟ್ಟಿದ್ದು."

"ಈ ಮನೇಲಿ ಇವತ್ತು ಒಲೆ ಹಚ್ಚೋ ಹಾಗಿಲ್ವಲ್ಲಮ್ಮ. ಅಕ್ಕಪಕ್ಕದವರು ಏನಾದ್ರೂ ತಂದ್ಕೊಟ್ರೆ ತಿನ್ನಬಹುದು, ಅಷ್ಟೇ."

ಶಾಂತಾ ಟ್ರೇಯನ್ನು ಮಗ ಅನುರಾಗನ ಕೈಗಿಟ್ಟರು. "ಎದುರುಮನೆ ಮೊರೀನ್ ಆಂಟಿಗೆ ಕೊಡು, ಅವರ ಓವನ್‌ನಲ್ಲಿ ಬೇಯಲಿ. ಆಗ ಅಕ್ಕಪಕ್ಕದವರದ್ದೇ ಆಯ್ತಲ್ಲ!"

ದ್ವಾರಕಾನಾಥರು ಫ್ರೀಜರಿನ ಬಾಗಿಲು ಮುಚ್ಚಿದರು.

*

ರಿಟೈರಾದ ವರ್ಷ, 2012ರಲ್ಲಿ, ಉಮಾಶಂಕರ ಎದುರುಮನೆಯ ಐರಿಷ್ ಮುದುಕಿ ಮೊರೀನ್ ಅವರ ಓವನ್ ರಿಪೇರಿಗೆ ಹೋಗಿದ್ದರು. ಔಷಧದ ಫ್ಯಾಕ್ಟರಿಯಲ್ಲಿ ಯಂತ್ರಗಳನ್ನು ಸಾಕಿದವರಿಗೆ ಅದೇನು ಮಹಾ! ಓವನ್ ಸರಿಹೋದರೂ ಮೊರೀನ್ ಮುಖ ಅರಳಲಿಲ್ಲ. ಸಂಧಿವಾತದಿಂದ ಸೊಟ್ಟಗಾದ ಬೆರಳು ತೋರಿಸಿ, "ಓವನ್ ಇದೆ, ಸ್ಕೋನ್ ಮಾಡೋಕೆ ಕೈ ಇಲ್ಲ," ಎಂದರು.

"ಕೈ ನನ್ನದು, ಬಾಯಿ ನಿಮ್ಮದು."

ಕಾಫಿ ಲೋಟವನ್ನೂ ತೊಳೆಯದ ಗಂಡ ಏಪ್ರನ್ ಕಟ್ಟಿದ್ದು ಕಂಡು ಶಾಂತಾ ನಕ್ಕೂ ನಕ್ಕೂ ಸುಸ್ತಾದರು. ಚಪಾತಿಗೆ ನಾದಿದಂತೆ ನಾದಿದ್ದರಿಂದ ಮೊದಲ ಸಲ ಬಂದದ್ದೆಲ್ಲ ಗುಂಡುಕಲ್ಲು. ವಾಚ್‌ಮನ್ "ಅಸಾಂಟೆ" ಎಂದು ಥ್ಯಾಂಕ್ಸ್ ಹೇಳಿ ಒಂದನ್ನು ತೆಗೆದುಕೊಂಡು, ಗೇಟು ಅಲುಗದಂತೆ ಅದನ್ನೇ ಒತ್ತುಕೊಟ್ಟ.

"ಹಿಟ್ಟಿಗೆ ಹೊಡೀಬೇಡ ಉಮಾ, ಮುಟ್ಟಿ ಬಿಡು ಸಾಕು!" ಎಂದು ಮೊರೀನ್ ಕುರ್ಚಿಯಿಂದ ಕೂಗುತ್ತಿದ್ದರು.

ಮೊಟ್ಟೆ ಬೇಡ, ಸೋಡಾ, ಮಜ್ಜಿಗೆ ಸಾಕು ಎಂದು ತಿಳಿದ ಮೇಲೆ ಮಜ್ಜಿಗೆ ಶಾಂತಾರ ಅಡುಗೆಮನೆಯಿಂದಲೇ ಹೋಗತೊಡಗಿತು. ಕೊನೆಗೊಂದು ದಿನ ಸ್ಕೋನ್ ಉಬ್ಬಿ, ನಡುವೆ ನಗುವ ಹಾಗೆ ಬಿರಿಯಿತು. ಅವತ್ತು ಉಮಾಶಂಕರ ಕಟ್ಟಡದ ಬಾಗಿಲು ಬಾಗಿಲು ತಟ್ಟಿ ಹಂಚಿದರು. ಮಗ ಹುಟ್ಟಿದಾಗಲೂ ಅಷ್ಟು ಸಂಭ್ರಮಪಟ್ಟಿರಲಿಲ್ಲ.

*

ಮಧ್ಯಾಹ್ನ ಗಂಡಸರು ಚಿತಾಗಾರದಿಂದ ಮರಳಿ ಸ್ನಾನ ಮುಗಿಸುವಷ್ಟರಲ್ಲಿ ಮೆಟ್ಟಿಲ ತುಂಬ ಬೆಣ್ಣೆಯ ಘಮ. ಮೊರೀನ್ ಮುಂದೆ, ತಟ್ಟೆ ಹಿಡಿದ ಅನುರಾಗ್ ಹಿಂದೆ.

"ಲುಕ್ ಅಮ್ಮಾ, ಅಪ್ಪಾಸ್ ಬೆಸ್ಟ್ ಬ್ಯಾಚ್," ಎಂದ, ಕೆಂಪಗಾದ ಕಣ್ಣಿನಲ್ಲಿ.

ಬೆಳಗಿನಿಂದ ಏನೂ ಮುಟ್ಟದ ಶಾಂತಾ ಒಂದನ್ನು ಮುರಿದು ಬಾಯಿಗಿಟ್ಟರು. ನಿಧಾನವಾಗಿ ಅಗಿದರು.

"ಉಪ್ಪು ಮರ್ತಿದ್ದಾರೆ," ಎಂದರು.

"ಯಾವಾಗ್ಲೂ ಮರೀತಿದ್ದ!" ಎಂದರು ಮೊರೀನ್. "ಅವನಿಗೆ ಬೇಜಾರಾಗಬಾರದು ಅಂತ ಸವರೋಕೆ ನಾನೇ ಉಪ್ಪು ಹಾಕಿದ ಬೆಣ್ಣೆ ತಂದಿಡ್ತಿದ್ದೆ."

ಶಾಂತಾ ನಕ್ಕರು. ನಗು ನಿಲ್ಲಲಿಲ್ಲ; ಅದರ ಬೆನ್ನಿಗೇ ಕಣ್ಣೀರೂ ಬಂತು. ಮೊರೀನ್ ಆಕೆಯನ್ನು ತಬ್ಬಿಕೊಂಡು ತಾವೂ ನಕ್ಕರು, ಅತ್ತರು.

"ಮೊಟ್ಟೆ ಇಲ್ಲ ತಾನೇ?" ದ್ವಾರಕಾನಾಥರು ತಗ್ಗಿದ ದನಿಯಲ್ಲಿ ಕೇಳಿದರು.

"ನಮ್ಮನೆ ಮಜ್ಜಿಗೆ," ಎಂದರು ಶಾಂತಾ, ಕಣ್ಣೊರೆಸಿಕೊಂಡು.

ಹಜಾರದಲ್ಲಿ ಜಾಗ ಸಾಲದೆ ಜನ ಹೊರಗೂ ಕೂತರು. ಮೆಟ್ಟಿಲ ಮೇಲೆ, ಶವದ ವ್ಯಾನಿನ ಡ್ರೈವರನ ಪಕ್ಕ, ಒದ್ದೆ ಪಂಚೆಯಲ್ಲೇ ಕೂತ ದ್ವಾರಕಾನಾಥರು ಸ್ಕೋನಿನಿಂದ ಮೊಣಕೈವರೆಗೆ ಇಳಿದ ಬೆಣ್ಣೆಯನ್ನು ನೆಕ್ಕಿಕೊಳ್ಳುತ್ತಿದ್ದರು.