ಹೆಸರಿಲ್ಲದ ಒಡಪು

ಮೂರನೆಯ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಉಮಾಶ್ರೀ ನಾಲ್ಕನೆಯದನ್ನು ಬಡಿಯುತ್ತಿದ್ದಳು. ಹೊರಗಿನ ಕೋಣೆಯಲ್ಲಿ ಕುಳಿತ ಗಂಡ ಸಂಗಮನಾಥ, ಫೋನಿನಲ್ಲಿ ತಾನು ಬರೆದದ್ದನ್ನು ಅವಳಿಗೆ ಕೇಳಿಸುವಂತೆ ಗಟ್ಟಿಯಾಗಿ ಓದಿದ. ಸಮಾಜದ ಮಾನ ಕಳೆಯುವ ಒಂದು ಆಡಿಯೊ ಹೆಂಗಸರ ಫೋನುಗಳಲ್ಲಿ ಓಡಾಡುತ್ತಿದೆ. ಯಾರೂ ಅದನ್ನು ಕೇಳಬಾರದು, ಇಟ್ಟುಕೊಳ್ಳಬಾರದು, ಮುಂದೆ ಕಳಿಸಬಾರದು.

ಅವಳ ಅಂಗೈ ಹಿಟ್ಟಿನ ಮೇಲೆಯೇ ನಿಂತಿತು. ಸದ್ದು ನಿಂತರೆ ಅವನು ತಲೆ ಎತ್ತಿ ನೋಡುತ್ತಾನೆಂದು ಮರುಕ್ಷಣವೇ ಮತ್ತೆ ಬಡಿಯತೊಡಗಿದಳು.

"ಬರಾಬರ್ ಅದ ಏನು?" ಎಂದು ಅವನು ಕೇಳಿದ.

"ಬರಾಬರ್ ಅದರಿ."

ಆ ಆಡಿಯೊದಲ್ಲಿದ್ದದ್ದು ಅವಳದೇ ದನಿ.

ಸಂಕ್ರಾಂತಿ ಮುಗಿದ ವಾರ ಅವಳು ನಾಸಿಕದಿಂದ ಒಬ್ಬಳೇ ಬಸ್ಸು ಹತ್ತಿ ಸಂಭಾಜಿನಗರಕ್ಕೆ, ಪ್ರೇಮಾಬಾಯಿಯ ಮನೆಯ ಅರಿಶಿನ ಕುಂಕುಮಕ್ಕೆ ಹೋಗಿದ್ದಳು. ಪ್ರೇಮಾಬಾಯಿ ದೂರದ ಸಂಬಂಧದಲ್ಲಿ ಅವಳಿಗೆ ಅಕ್ಕನಾಗಬೇಕು. ಮಹಾರಾಷ್ಟ್ರದಲ್ಲಿ ನೆಲೆಸಿದ ಕನ್ನಡಿಗರ ಸಮಾಜದ ಅಧ್ಯಕ್ಷ ಶಿವರಾಯರ ಹೆಂಡತಿ. ಅಲ್ಲಿ ಕಲಬುರಗಿ, ಬೀದರ ಕಡೆಯ ಹದಿನಾಲ್ಕು ಹೆಂಗಸರು ಸೇರಿದ್ದರು. ಎಳ್ಳುಬೆಲ್ಲ ಹಂಚಿದ ಮೇಲೆ ಒಬ್ಬೊಬ್ಬರೂ ಗಂಡನ ಹೆಸರು ಕೂಡಿಸಿ ಒಡಪು ಹೇಳಬೇಕಿತ್ತು. ಬೆಳ್ಳಿಯ ತಾಟು, ಮಲ್ಲಿಗೆಯ ದಂಡೆ, ಹುಣ್ಣಿಮೆಯ ಚಂದ್ರ ಎಂಬ ಒಡಪುಗಳೆಲ್ಲ ಮುಗಿದು ಅವಳ ಸರದಿ ಬಂತು. ಊರು ಬೇರೆ, ಮಂದಿ ಬೇರೆ ಎಂಬ ಧೈರ್ಯವೋ ಏನೋ, ಎಂದೋ ಕಟ್ಟಿ ಬಾಯೊಳಗೇ ಇಟ್ಟುಕೊಂಡಿದ್ದದ್ದು ಹೊರಗೆ ಬಂದುಬಿಟ್ಟಿತು:

"ಮಂದಿ ಮುಂದ ಮುಗೀತಾವ ಎರಡೂ ಕೈ,
ಬಾಗಿಲಾ ಹಾಕಿದ ಮ್ಯಾಲ ಏಳ್ತದ ಒಂದು ಕೈ.
ಹೆಸರು ಹೇಳಂತೀರಿ ಅಕ್ಕಗೋಳೆ, ಹ್ಯಾಂಗ ಹೇಳ್ಲಿ?
ಹೇಳಿದ್ರ ಸಂಜೀಕ ಮನೀಗಿ ಹ್ಯಾಂಗ ಹೋಗ್ಲಿ?"

ಹೆಸರು ಹೇಳಲೇ ಇಲ್ಲ. ಯಾರೂ ನಗಲಿಲ್ಲ, ಯಾರೂ ಹೇಳೆಂದು ಕಾಡಲಿಲ್ಲ. ಒಡಪು ಕಲಿಯಲೆಂದು ಒಬ್ಬಾಕೆ ಫೋನನ್ನು ಜಮಖಾನೆಯ ಮೇಲಿಟ್ಟು ಎಲ್ಲರ ದನಿ ಹಿಡಿಯುತ್ತಿದ್ದಳೆಂಬುದು ಉಮಾಶ್ರೀಗೆ ಆಮೇಲೆ ಗೊತ್ತಾಯಿತು. ಆದರೂ ಹನ್ನೆರಡು ದಿನ ಅದು ಆ ಹದಿನಾಲ್ಕು ಮಂದಿಯೊಳಗೇ ಉಳಿದಿತ್ತು.

ಸಂಗಮನಾಥನ ನೋಟಿಸು ಬೆಳಿಗ್ಗೆ ಎಂಟಕ್ಕೆ ಎಲ್ಲ ಶಾಖೆಗಳ ಗ್ರೂಪುಗಳಿಗೂ ಹೋಯಿತು. ಅವನು ಸಮಾಜದ ಕಾರ್ಯದರ್ಶಿ. ಮಧ್ಯಾಹ್ನದೊಳಗೆ, ಅಂಥದೊಂದು ಇದೆಯೆಂದೇ ತಿಳಿಯದಿದ್ದವರೆಲ್ಲ ಅದೇನೆಂದು ಹುಡುಕತೊಡಗಿದರು. ಕಳಿಸಿದವರನ್ನು ಗ್ರೂಪಿನಿಂದ ಹೊರಗೆ ಹಾಕುತ್ತೇವೆಂದು ಅವನು ಎರಡನೆಯ ನೋಟಿಸು ಹಾಕಿದ. ಅಂದು ಅದು ಮಾಲೇಗಾಂವ್ ಮುಟ್ಟಿತು, ಮರುದಿನ ಪೈಠಣ. ಮೂರನೆಯ ದಿನ ಬೀದರಿನಿಂದ ಅವನ ಸೋದರತ್ತೆಯೇ ಫೋನು ಮಾಡಿ, ಅದೇನೋ ಬ್ಯಾನ್ ಮಾಡಿದಿಯಂತಲ್ಲಪ್ಪಾ, ನನಗೊಂದು ಕಳಿಸು ಎಂದಳು.

ಮಗಳು ರುಚಿತಾ ಕಾಲೇಜಿನಿಂದ ಬಂದವಳೇ ಫೋನು ಹಿಡಿದು ತೋರಿಸಿದಳು. ಯಾರೋ ಅದರ ಹಿಂದೆ ಢೋಲಕಿ ಕೂಡಿಸಿ, ದನಿಯನ್ನು ಕೀರಲು ಮಾಡಿದ್ದರು.

"ಮಮ್ಮಿ, ಪಪ್ಪಾ ಬ್ಯಾಡ ಅಂದ್ರಲ್ಲ, ಈಗ ಎಲ್ಲಾರೂ ಇದನ್ನೇ ಕೇಳ್ಲತ್ತಾರ. ಕೋಣ್ ಆಹೇ ಹೀ, ಯಾರಾಕಿ ಅಂತ ಮರಾಠಿ ಹುಡುಗ್ಯಾರೂ ಕೇಳ್ತಾರ."

ಯಾರೋ ಇರಬೇಕು ಎಂದು ಉಮಾಶ್ರೀ ಒಣಗಿದ ಬಟ್ಟೆ ಮಡಚಿದಳು. ಒಂದೇ ಲಂಗವನ್ನು ಮೂರು ಸಲ ಮಡಚಿದಳು.

ಅವಳ ಪುಣ್ಯವೆಂದರೆ ಸಂಗಮನಾಥ ಇನ್ನೂ ಅದನ್ನು ಕೇಳಿರಲಿಲ್ಲ. ಅಂಥ ಹೊಲಸು ನಾ ಯಾಕ ಕೇಳ್ಲಿ ಎನ್ನುತ್ತಿದ್ದ. ಆದರೆ ಅವನ ಫೋನಿಗೆ ಈಗ ದಿನಕ್ಕೆ ಹತ್ತು ಸಲ ಅದು ಬಂದು ಬೀಳುತ್ತಿತ್ತು, ಢೋಲಕಿ ಕೂಡಿಸದ ಅಸಲಿ ದನಿಯೂ. ಅವನು ಫೋನು ತೆಗೆದಾಗಲೆಲ್ಲ ಅವಳ ಕಣ್ಣು ಅವನ ಹೆಬ್ಬೆರಳಿನ ಮೇಲೆ. ಆ ಬೆರಳು ಒಮ್ಮೆ ಒತ್ತಿದರೆ ಸಾಕು. ಊಟ ಸೇರುತ್ತಿರಲಿಲ್ಲ. ಅವನ ಮುಂದೆ ಮಾತಾಡುವುದನ್ನೇ ಕಡಿಮೆ ಮಾಡಿದಳು. ತನ್ನ ದನಿಯನ್ನು ಅವನು ಮರೆತರೆ ಒಳ್ಳೆಯದೆನಿಸುತ್ತಿತ್ತು.

ಗುರುವಾರ ಪ್ರೇಮಾಬಾಯಿ ಫೋನು ಮಾಡಿದಳು.

"ಉಮಾ, ನಮ್ಮವರು ಅದು ನಂದೇ ಅಂತ ತಿಳಕೊಂಡಾರ. ಅವರೂ ಕೇಳಿಲ್ಲವ್ವ. ಒಂದು ಕೈ ಏಳ್ತದ ಅಂತ ಯಾರೋ ಬಾಯಿಮಾತಿಲೆ ಹೇಳ್ಯಾರ, ಅಷ್ಟಕ್ಕೇ ತಮ್ಮ ಬಗ್ಗೆನೇ ಅಂತ ನಿಮ್ಮ ಮನಿಯವರ ಕಡಿಂದ ನೋಟಿಸು ಹಾಕ್ಸಿದ್ರು."

"ನೀವು ಅಲ್ಲ ಅನ್ಲಿಲ್ಲೇನ್ರಿ ಅಕ್ಕಾ?"

"ಅಲ್ಲ ಅಂದ್ರ ಮತ್ತ ಯಾರು ಅಂತಾರ." ಪ್ರೇಮಾಬಾಯಿ ಮತ್ತೆ ಅಂದಳು, "ತಡಿ, ಆ ಕಡಿ ಕಿವ್ಯಾಗ ಹಿಡೀತೀನಿ. ಈ ಕಡೀದು ಮೊನ್ನಿಂದ ಕೇಳಸವಲ್ದು."

ಫೋನಿಟ್ಟ ಮೇಲೆ ಉಮಾಶ್ರೀಗೆ ಮೊದಲು ಬಂದದ್ದು ನೆಮ್ಮದಿ. ತಾನು ಉಳಿದೆ ಎಂಬ ನೆಮ್ಮದಿ. ಅದು ಬಂದದ್ದನ್ನು ತಾನೇ ಕಂಡು, ಗ್ಯಾಸ್ ಕಟ್ಟೆ ಹಿಡಿದು ನಿಂತಳು.

ಶನಿವಾರ ಸಂಗಮನಾಥ ಚಹಾ ಕುಡಿಯುತ್ತ ಒಂದು ಹಾಳೆಯ ಮೇಲೆ ಬರೆಯುತ್ತಿದ್ದ. ಮರುದಿನ ಸಂಭಾಜಿನಗರದಲ್ಲಿ ಸಮಾಜದ ಸಭೆ. ಪ್ರೇಮಾಬಾಯಿ ಎಲ್ಲರ ಮುಂದೆ ನಿಂತು ತಪ್ಪಾಯಿತೆಂದು ಓದಬೇಕು. ಅಧ್ಯಕ್ಷರೇ ಬರೆದು ತಾ ಅಂದಿದ್ದಾರೆ. ಬೇರೆ ಸಲ ಮೂವತ್ತು ಮಂದಿ ಕೂಡುವುದು ಕಷ್ಟ, ಈ ಸಲ ಸಭಾಂಗಣವೇ ಸಾಲದು ಎಂದು ಬೇಸರವೋ ಹೆಮ್ಮೆಯೋ ತಿಳಿಯದಂತೆ ಹೇಳಿದ.

"ನೀನೂ ಬಾ. ಹೆಣ್ಮಕ್ಕಳು ನೋಡ್ಬೇಕು ಇದು."

"ಎಷ್ಟಕ್ಕ ಹೋಗೋದ್ರಿ?"

"ಆರಕ್ಕ."

ಕಪ್ಪು ತೆಗೆದುಕೊಂಡು ಒಳಗೆ ಬಂದು ನಲ್ಲಿ ತಿರುವಿದಳು. ಕಪ್ಪು ಕಟ್ಟೆಗೆ ಬಡಿದು ಸದ್ದಾಯಿತು, ಅವಳು ಬೆಚ್ಚಿದಳು. ಭಯ ಇಷ್ಟು ದಿನ ಇದ್ದದ್ದಕ್ಕಿಂತ ಹೆಚ್ಚೇ ಆಗಿತ್ತು. ನಾಳೆ ಇನ್ನೂ ಹೆಚ್ಚಾಗುತ್ತದೆ, ಬಸ್ಸಿನಲ್ಲಿ, ಸಭಾಂಗಣದ ಬಾಗಿಲಲ್ಲಿ. ಆಗಲಿ. ಪ್ರೇಮಾಬಾಯಿ ಆ ಹಾಳೆ ಹಿಡಿದು ಏಳುವ ಮೊದಲು ತಾನು ಎದ್ದಿರಬೇಕು. ಒಡಪನ್ನು ಮೊದಲ ಸಾಲಿನಿಂದ ಹೇಳಬೇಕು, ಕೊನೆಗೆ ಹೆಸರು ಕೂಡಿಸಬೇಕು.

ಹೊರಗಿನಿಂದ ಅವನು, ನಾಳೆಗೆ ಬುತ್ತಿ ಕಟ್ಟುವುದನ್ನು ಮರೆಯಬೇಡ ಎಂದ. ಇಲ್ಲರಿ ಎಂದಳು. ರುಚಿತಾ ಬಂದು, ಮುಖ ಯಾಕೆ ಹೀಗಿದೆ ಎಂದು ಕೇಳಿದಳು. ಉಮಾಶ್ರೀ ಜೋಳದ ಹಿಟ್ಟಿನ ಡಬ್ಬಿ ತೆರೆದಳು.